ಎರಡೂ ಕಣ್ಣಿಟ್ಟ ಬೊಂಬೆಗಳು

ಫುಟ್‌ಬಾಲಿನಲ್ಲಿ ಒಂದೊಂದು ಕಡೆಗೆ ಎಷ್ಟು ಜನ ಆಡುತ್ತಾರೆ ಅನ್ನುವುದು ನನಗೆ ನಲವತ್ತೊಂಬತ್ತು ವರ್ಷ ತುಂಬುವವರೆಗೆ ಗೊತ್ತಿರಲಿಲ್ಲ. ಗೊತ್ತಾಗಬೇಕಾದ ದರ್ದೂ ಇರಲಿಲ್ಲ. ಈಗ ಗೊತ್ತು. ಜಪಾನಿನ ಒಂದು ಸಣ್ಣ ಊರಿನ ತಂಡದ ಗೋಲ್‌ಕೀಪರ್ ಎಡಗಾಲಲ್ಲಿ ಒದ್ದರೆ ಚೆಂಡು ಗೆರೆಯಾಚೆಗೇ ಹೋಗುತ್ತದೆ ಅನ್ನುವುದೂ ಗೊತ್ತು. ಆ ತಂಡ ಒಂದು ವರ್ಷ ಪೂರ್ತಿ ಸೋಲುವುದನ್ನು ಚನ್ನಪಟ್ಟಣದ ಬೊಂಬೆ ಕಾರ್ಖಾನೆಯಲ್ಲಿ, ಪ್ಯಾಕಿಂಗ್ ಮೇಜಿನ ಮೇಲೆ ಅಂಟಿನ ಡಬ್ಬಕ್ಕೆ ಒರಗಿಸಿಟ್ಟ ಮೊಬೈಲಿನಲ್ಲಿ, ನಾವು ನಾಲ್ಕು ಜನ ಕೂತು ನೋಡಿದೆವು. ಉಳಿದ ಮೂವರು ಆರ್ಡರಿಗಾಗಿ ನೋಡುತ್ತಿದ್ದರು. ನನಗೆ ಆರ್ಡರಿನ ಜೊತೆಗೆ ಇನ್ನೊಂದು ಕಾರಣವಿತ್ತು.

ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ಶೀಟು ಹೊದಿಸಿದ ಒಂದು ಉದ್ದನೆಯ ಕೋಣೆ, ಮರ ತಿರುವಿ ಕಡೆಯುವ ಎರಡು ಲೇತು, ಒಣಗಲು ಪೇರಿಸಿಟ್ಟ ಆಲೆಮರದ ತುಂಡುಗಳು, ಕಿಟಕಿಯ ಪಕ್ಕ ಬೆಳಕು ಬೀಳುವ ಕಡೆ ನನ್ನ ಮಣೆ. ರಾಮನಗರದಿಂದ ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹೋಗುತ್ತಿದ್ದೆ. ಇಪ್ಪತ್ತೆರಡು ವರ್ಷ ಹಾಗೇ ನಡೆಯಿತು. ಮಧ್ಯಾಹ್ನಕ್ಕೆ ಡಬ್ಬಿಯಲ್ಲಿ ಅನ್ನ, ಉಪ್ಸಾರಿನ ಖಾರ, ಇದ್ದರೆ ಒಂದು ಹಪ್ಪಳ. ಕಾರ್ಖಾನೆ ಮೇಸ್ತ್ರಿಯವರದು. ಅರವತ್ತು ದಾಟಿದ ಸಾಬರು, ಅವರ ಅಪ್ಪ, ಅಪ್ಪನ ಅಪ್ಪ ಎಲ್ಲರೂ ಇದೇ ಕೆಲಸ ಮಾಡಿದವರು. ನಾವೆಲ್ಲ ಭಾಯ್ ಅನ್ನುತ್ತಿದ್ದೆವು. ಅವರು ನನ್ನನ್ನು ಅಮ್ಮ ಅನ್ನುತ್ತಿದ್ದರು, ಏಕವಚನದಲ್ಲೇ. ಒಂದು ಲೇತು ಅವರದು, ಇನ್ನೊಂದಕ್ಕೆ ಸಾತನೂರು ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಕೆಲಸಗಾರ, ನಲವತ್ತರ ಆಸುಪಾಸಿನವನು, ಬಾಯಿ ಸುಮ್ಮನಿರದ ಆಸಾಮಿ. ಡಬ್ಬ ಕಟ್ಟುವುದಕ್ಕೆ, ಎಣಿಸುವುದಕ್ಕೆ ಒಬ್ಬಳು, ಎರಡು ಮಕ್ಕಳ ತಾಯಿ, ಮಾತು ಕಡಿಮೆ. ಮತ್ತೆ ನಾನು. ನನ್ನ ಕೆಲಸ ಮುಖ ಬರೆಯುವುದು.

ಮುಖ ಅಂದೆ, ಸರಿಯಾಗಿ ಹೇಳಬೇಕು ಅಂದರೆ ಕಣ್ಣು. ಹುಬ್ಬು, ಮೂಗು, ತುಟಿ, ಮೀಸೆ ಯಾವುದನ್ನಾದರೂ ಭಾಯಿ ಬರೆಯುತ್ತಿದ್ದರು. ಕಣ್ಣು ಮಾತ್ರ ಮುಟ್ಟುತ್ತಿರಲಿಲ್ಲ. "ಕಣ್ಣು ಕೊಡೋನು ಮೇಲಿದಾನೆ. ಆ ಉಸಾಬರಿ ನಂಗ್ಯಾಕೆ, ನೀನೇ ಇಡಮ್ಮ" ಅಂತ ಬೊಂಬೆಗಳ ತಟ್ಟೆಯನ್ನು ನನ್ನ ಕಡೆ ಸರಿಸುತ್ತಿದ್ದರು. ನನಗಿಂತ ಮೊದಲು ಈ ಮಣೆಯ ಮೇಲೆ ಕೂತಿದ್ದ ಅಜ್ಜಿ ನನಗೆ ಕೆಲಸ ಕಲಿಸುವಾಗ ಮೂರು ಮಾತು ಹೇಳಿದ್ದರು. ಕೈ ತೊಳೆದು ಕೂರಬೇಕು. ಒಂದು ಕಣ್ಣಿಟ್ಟು ಇನ್ನೊಂದನ್ನು ಬಿಟ್ಟು ಏಳಬಾರದು, ಯಾರು ಕರೆದರೂ. ಕಣ್ಣಿಲ್ಲದ ಬೊಂಬೆ ಹೊಸಿಲು ದಾಟಬಾರದು. ಮೂರನ್ನೂ ಪಾಲಿಸಿದ್ದೆ. ಒಂದು ಸಲ ಮನೆಯಿಂದ ಅಪ್ಪನಿಗೆ ಹುಷಾರಿಲ್ಲ ಅಂತ ಫೋನು ಬಂದಾಗಲೂ ಕೈಯಲ್ಲಿದ್ದ ಬೊಂಬೆಯ ಎರಡನೇ ಕಣ್ಣು ಮುಗಿಸಿ ಎದ್ದಿದ್ದೆ. ಇದನ್ನು ಈಗ ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ. ಆಗ ಹೆಮ್ಮೆಯಿತ್ತು.

ಜಪಾನಿನ ಆರ್ಡರ್ ಬಂದಿದ್ದು ಬೆಂಗಳೂರಿನ ಒಬ್ಬ ಮೇಡಂ ಕಡೆಯಿಂದ. ನಮ್ಮಂಥ ಕಾರ್ಖಾನೆಗಳಿಂದ ಬೊಂಬೆ ಮಾಡಿಸಿ ಹೊರದೇಶಗಳಿಗೆ ಕಳಿಸುವುದು ಅವರ ವ್ಯಾಪಾರ. ಒಂದು ಸಣ್ಣ ಊರಿನ ಫುಟ್‌ಬಾಲ್ ಕ್ಲಬ್ಬಿನವರು ತಮ್ಮ ಅಂಗಡಿಯಲ್ಲಿ ಮಾರಲು ಮರದ ಕೊಕ್ಕರೆ ಕೇಳಿದ್ದಾರೆ, ಕೊಕ್ಕರೆ ಅವರ ಗುರುತು ಅಂದರು. ಆ ಊರು ಹೇಗಿದೆ ಅಂತ ಭಾಯಿ ಕೇಳಿದರು. ನಮ್ಮ ರಾಮನಗರದ ಹಾಗೆ ಸುತ್ತ ಬೆಟ್ಟವಂತೆ, ಹಿಂದೆ ರೇಷ್ಮೆ ನೂಲು ತೆಗೆಯುವ ಮಿಲ್ಲುಗಳಿದ್ದವಂತೆ, ಈಗ ಒಂದೂ ಇಲ್ಲವಂತೆ. ಭಾನುವಾರ ಜನ ಹೊರಗೆ ಬರುವುದು ಈ ತಂಡದ ಆಟಕ್ಕೇ ಅಂತೆ. "ಮಿಲ್ಲು ಮುಚ್ಚಿ ಆಟ ಶುರು ಮಾಡವ್ರೆ. ನಮ್ಮೂರಲ್ಲಿ ಇಸ್ಪೀಟು ಶುರುವಾಯ್ತದೆ" ಅಂದ ಲೇತಿನವನು.

ಎರಡು ವರ್ಷ ಕೊಕ್ಕರೆ ಹೋಯಿತು. ಅವರು ಕಳಿಸುತ್ತಿದ್ದ ಚಿತ್ರದಲ್ಲಿ ಕಣ್ಣಿನ ಜಾಗ ಖಾಲಿ ಇರುತ್ತಿತ್ತು. ಅಲ್ಲಿ ನಾನು ನಮ್ಮ ಕಡೆ ಕೆರೆಯಂಚಿನಲ್ಲಿ ನಿಲ್ಲುವ ಕೊಕ್ಕರೆಯ ಕಣ್ಣು ಇಡುತ್ತಿದ್ದೆ, ಒಂದಿಷ್ಟು ಹಳದಿ, ನಡುವೆ ಕಪ್ಪು ಚುಕ್ಕಿ, ಸ್ವಲ್ಪ ಕೋಪ. ಕ್ಲಬ್ಬಿನ ಅಂಗಡಿ ನೋಡಿಕೊಳ್ಳುವ ಹೆಂಗಸು ಮೇಡಂಗೆ ಕಾಗದ ಬರೆದಿದ್ದರು. ಕಣ್ಣು ಇಟ್ಟವರಿಗೆ ನಮಸ್ಕಾರ ತಿಳಿಸಿ ಅಂತ ಅದರಲ್ಲಿತ್ತು. ಮೇಡಂ ಅದನ್ನು ಕನ್ನಡದಲ್ಲಿ ಓದಿ ಹೇಳಿದ ದಿನ ನಾನು ರೈಲಿನಲ್ಲಿ ಪಕ್ಕದಲ್ಲಿ ಕೂತವರಿಗೂ ಹೇಳಿದೆ. ಅವರು ಗುರುತಿನವರೂ ಅಲ್ಲ. ಆ ಹೊತ್ತಿಗೆ ಬೇರೆ ಆರ್ಡರುಗಳು ಒಂದೊಂದೇ ನಿಂತು, ನಮ್ಮ ಎರಡು ಲೇತು ತಿರುಗುತ್ತಿದ್ದುದು ಹೆಚ್ಚೂಕಮ್ಮಿ ಈ ಮೇಡಂ ಕೊಡುತ್ತಿದ್ದ ಕೆಲಸದಲ್ಲೇ.

ಮೂರನೇ ವರ್ಷ ಕೊಕ್ಕರೆ ಬೇಡ, ದುಂಡು ಬೊಂಬೆ ಮಾಡಿ ಅಂದರು. ಕೈಯಿಲ್ಲ, ಕಾಲಿಲ್ಲ, ಮೈಗೆಲ್ಲ ಇಟ್ಟಿಗೆ ಬಣ್ಣ. ಅದು ಆ ತಂಡದ ಬಣ್ಣ. ಮುಖ ಮಾತ್ರ ಬಿಳಿ, ದಪ್ಪ ಹುಬ್ಬು, ಗಡ್ಡ. ತಳದಲ್ಲಿ ಭಾರವಿಟ್ಟು, ತಳ್ಳಿದರೆ ಬಿದ್ದು ಮತ್ತೆ ಎದ್ದು ಕೂರುವ ಹಾಗೆ. ಭಾಯಿ ಮೊದಲನೇ ಬೊಂಬೆ ತಿರುವಿ ನೆಲದ ಮೇಲಿಟ್ಟು ತಳ್ಳಿದರು. ಅದು ಎದ್ದು ಕೂತಿತು. "ಹಟಮಾರಿ" ಅಂದರು, ಖುಷಿಯಿಂದ.

ಡಿಸೆಂಬರಿನಲ್ಲಿ ಭಾಯಿಯ ಹೆಂಡತಿಗೆ ಮೈಸೂರಿನಲ್ಲಿ ಆಪರೇಶನ್ ಆಯಿತು. ಭಾಯಿ ಹದಿನೈದು ದಿನ ಅಲ್ಲೇ ಇದ್ದರು. ಕಾರ್ಖಾನೆಯ ಫೋನು ನನ್ನ ಕೈಗೆ ಕೊಟ್ಟು ಹೋಗಿದ್ದರು. ಬೊಂಬೆಗಳೆಲ್ಲ ಅರಗಿನ ಬಣ್ಣ ಹತ್ತಿ, ತಾಳೆಗರಿಯಲ್ಲಿ ಉಜ್ಜಿಸಿಕೊಂಡು, ಹೊಳೆಯುತ್ತ ತಟ್ಟೆಗಳಲ್ಲಿ ಕೂತಿದ್ದವು. ಆಗ ಮೇಡಂ ಫೋನ್ ಮಾಡಿದರು. ಕೈಯಲ್ಲಿ ಕುಂಚ ಇದ್ದುದರಿಂದ ಸ್ಪೀಕರಿಗೆ ಹಾಕಿದೆ. ಲೇತಿನವನು ಚಹಾಕ್ಕೆ ಅಂತ ಹೊರಗೆ ಹೋಗಿದ್ದ.

"ಒಂದು ಮಾತು ಮರೀಬೇಡಿ. ಈ ಸಲ ಕಣ್ಣು ಹಾಕ್ಬೇಡಿ. ಎರಡೂ ಖಾಲಿ ಬಿಡಿ. ಅದು ಅವರೇ ಹಾಕ್ಕೊಳ್ತಾರೆ."

"ಆಗ್ಲಿ ಮೇಡಂ" ಅಂದೆ.

ಇಷ್ಟೇ ಮಾತು. ಸ್ಪಷ್ಟವಾಗಿ ಕೇಳಿಸಿತು, ಅರ್ಥವೂ ಆಯಿತು. ಆದರೆ ಫೋನು ಇಟ್ಟ ಮೇಲೆ ಮನಸ್ಸಿಗೆ ಏನೋ ಚುಚ್ಚಿತು. ಅವರೇ ಹಾಕಿಕೊಳ್ಳುವುದು ಅಂದರೇನು, ಎರಡು ವರ್ಷ ನಮಸ್ಕಾರ ಹೇಳಿಸಿಕೊಂಡ ಕಣ್ಣು ಈಗ ಬೇಡವಾಯಿತಾ, ಯಾವುದೋ ಮಿಷನ್ನಿನಲ್ಲಿ ಅಂಟಿಸುತ್ತಾರಾ ಅಂತ. ಆ ತಟ್ಟೆಗಳ ಕಡೆ ನೋಡಿದರೆ ಕಣ್ಣಿನ ಜಾಗದಲ್ಲಿ ಸಾಲುಸಾಲಾಗಿ ಬಿಳಿ ಗುಂಡಿಗಳು. ಇಷ್ಟೊಂದು ಕುರುಡು ಬೊಂಬೆಗಳನ್ನು ಹೊಸಿಲು ದಾಟಿಸಿ ಲಾರಿಗೆ ಹೇರುವುದು ನನ್ನ ಕೈಯಲ್ಲಿ ಆಗುವುದಿಲ್ಲ ಅನ್ನಿಸಿತು. ಭಾಯಿಯ ಹೆಂಡತಿ ಆಸ್ಪತ್ರೆಯಲ್ಲಿ ಮಲಗಿರುವಾಗ ಬೇರೆ. ಕೈ ತೊಳೆದು ಬಂದು ಕೂತೆ.

ಡಬ್ಬ ಕಟ್ಟುವವಳು ಹತ್ತಿರ ಬಂದು ನಿಂತಳು. "ಅಕ್ಕ, ಮೇಡಂ ಬ್ಯಾಡ ಅಂದ್ರಲ್ಲ."

"ಅವರಿಗೇನು ಗೊತ್ತು. ಬೆಂಗಳೂರಲ್ಲಿ ಕೂತವರು. ನೋಡಿದ ಮೇಲೆ ಅವರೇ ಮೆಚ್ಕೋತಾರೆ."

"ಒಸಿ ಫೋನ್ ಮಾಡಿ ಕೇಳ್ಬುಡಿ. ಭಾಯಿನಾದ್ರೂ ಕೇಳಿ."

"ಆಸ್ಪತ್ರೆಯಲ್ಲಿರೋರಿಗೆ ಇದಕ್ಕೆ ಫೋನ್ ಮಾಡೋದಾ" ಅಂದೆ.

ಅವಳು ಡಬ್ಬಗಳ ಕಡೆ ಹೋದಳು. ಹನ್ನೊಂದು ದಿನ ಕೂತು ಅಷ್ಟಕ್ಕೂ ಕಣ್ಣಿಟ್ಟೆ. ಒಂದಕ್ಕೊಂದು ಹೋಲದ ಹಾಗೆ, ಒಂದು ದುರುಗುಟ್ಟುವ ಹಾಗೆ, ಒಂದು ಈಗ ನಗುತ್ತದೇನೋ ಅನ್ನುವ ಹಾಗೆ. ನಾನು ಇಟ್ಟ ಕಣ್ಣುಗಳಲ್ಲಿ ಅಷ್ಟು ಚೆನ್ನಾಗಿ ಬಂದಿದ್ದು ಅದಕ್ಕೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ. ಭಾಯಿ ವಾಪಸು ಬರುವ ಹೊತ್ತಿಗೆ ಡಬ್ಬಗಳನ್ನೆಲ್ಲ ಕಟ್ಟಿಯಾಗಿತ್ತು. ಹಡಗಿನಲ್ಲಿ ಹೋಗುವ ಮಾಲು, ತಲುಪಲು ತಿಂಗಳ ಮೇಲೆ ಬೇಕು.

ಫೆಬ್ರವರಿ ಕೊನೆಯಲ್ಲಿ ಒಂದು ಬೆಳಿಗ್ಗೆ ಮೇಡಂ ಫೋನು ಬಂತು. ಭಾಯಿ ಎತ್ತಿದರು. ಮೊದಲು ನಿಂತುಕೊಂಡು ಮಾತಾಡುತ್ತಿದ್ದವರು ಸ್ಟೂಲಿನ ಮೇಲೆ ಕೂತರು. ಲೇತಿನವನು ತನ್ನ ಮಿಷನ್ನು ನಿಲ್ಲಿಸಿದ. ಭಾಯಿ ಆಮೇಲೆ ನಮಗೆ ಹೇಳಿದ್ದು ಇಷ್ಟು. ಆ ದುಂಡು ಬೊಂಬೆ ಆ ದೇಶದಲ್ಲಿ ಹರಕೆಯ ಬೊಂಬೆ. ಮನಸ್ಸಿನಲ್ಲಿ ಒಂದು ಆಸೆ ಹೇಳಿಕೊಂಡು ಅದಕ್ಕೆ ಒಂದು ಕಣ್ಣು ಬರೆಯುತ್ತಾರೆ. ಆಸೆ ಕೈಗೂಡಿದ ದಿನ ಎರಡನೇ ಕಣ್ಣು ಬರೆಯುತ್ತಾರೆ. ಅಲ್ಲಿಯವರೆಗೆ ಬೊಂಬೆ ಒಂಟಿ ಕಣ್ಣಿನಲ್ಲಿ ಕಾಯುತ್ತ ಕೂತಿರುತ್ತದೆ. ಕ್ಲಬ್ಬು ಕೆಳಗಿನ ದರ್ಜೆಯಲ್ಲಿ, ಅದರಲ್ಲೂ ಕೊನೆಯ ಜಾಗದ ಹತ್ತಿರ ಇತ್ತು. ಈ ವರ್ಷ ಕೊನೆಗೆ ಬಿದ್ದರೆ ಸಂಬಳದ ಆಟಗಾರರ ಲೀಗಿನಿಂದಲೇ ಹೊರಗೆ. ಅದಕ್ಕೆ ಮೊದಲ ಪಂದ್ಯದ ದಿನ ಬಂದವರಿಗೆಲ್ಲ ಒಂದೊಂದು ಬೊಂಬೆ ಕೊಟ್ಟು, ಉಳಿಯಲಿ ಅಂತ ಎಲ್ಲರೂ ಒಟ್ಟಿಗೆ ಒಂದು ಕಣ್ಣು ಬರೆಯುವುದು ಅಂತ ಮಾಡಿದ್ದರಂತೆ. ಡಬ್ಬ ಬಿಚ್ಚಿ ನೋಡಿದರೆ ಎಲ್ಲ ಬೊಂಬೆಗೂ ಎರಡೆರಡು ಕಣ್ಣು. ಕೇಳಿಕೊಳ್ಳುವುದಕ್ಕೆ ಜಾಗವೇ ಇಲ್ಲ. ಮೊದಲ ಪಂದ್ಯಕ್ಕೆ ಒಂಬತ್ತು ದಿನ ಉಳಿದಿತ್ತು.

"ಅಳಿಸಕ್ಕಾಗಲ್ವಾ" ಅಂತ ಲೇತಿನವನು ಕೇಳಿದ.

"ಅಳಿಸಿದ್ರೆ ಅರಗೂ ಏಳ್ತದೆ" ಅಂದರು ಭಾಯಿ. ಆಮೇಲೆ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. "ಕಣ್ಣು ಬೇಡ ಅಂತ ಫೋನಲ್ಲಿ ನಿಂಗೆ ಹೇಳಿದ್ದೆ ಅಂತಾರೆ ಮೇಡಂ. ಹೇಳಿದ್ರಾಮ್ಮ?"

"ಇಲ್ಲ ಭಾಯ್" ಅಂದೆ.

ಯೋಚನೆ ಮಾಡಿ ಹೇಳಿದ್ದಲ್ಲ. ಬಾಯಿಗೆ ಬಂತು. ಬಂದದ್ದು ಬಂದಾಯಿತು, ಇನ್ನೂ ವಾಪಸು ತೆಗೆದುಕೊಳ್ಳಬಹುದಿತ್ತು. ಒಂದು ನಿಮಿಷ ಸಮಯವೂ ಇತ್ತು. ಡಬ್ಬ ಕಟ್ಟುವವಳು ತಲೆ ಬಗ್ಗಿಸಿ ದಾರ ಸುತ್ತುತ್ತಿದ್ದಳು. ಭಾಯಿ ಮತ್ತೆ ಫೋನು ಹಚ್ಚಿದರು. ಅವರು ಯಾರ ಮೇಲೂ ದನಿ ಎತ್ತಿದ್ದನ್ನು ನಾನು ನೋಡಿರಲಿಲ್ಲ. ಅವತ್ತು ಎತ್ತಿದರು.

"ನಮ್ಮ ಹೆಣ್ಮಗಳು ಇಪ್ಪತ್ತೊಂದು ವರ್ಷದಿಂದ ನನ್ನ ಹತ್ರ ಇದಾಳೆ. ಸುಳ್ಳು ಹೇಳೋಳಲ್ಲ. ಮರೆತಿರೋದು ನೀವು. ತಪ್ಪನ್ನ ಬಡವರ ಮೇಲೆ ಹಾಕ್ಬೇಡಿ ಮೇಡಂ."

ಆ ದಿನದಿಂದ ಮೇಡಂ ನಮಗೆ ಬೇರೆ ಯಾವ ಕೆಲಸವನ್ನೂ ಕಳಿಸಲಿಲ್ಲ. ಜಗಳವಾಡಲಿಲ್ಲ, ಸುಮ್ಮನಾದರು. ಸ್ವಲ್ಪ ದಿನಕ್ಕೆ ಒಂದು ಸಂದೇಶ ಮಾತ್ರ ಬಂತು. ಅಂಗಡಿಯ ಆ ಹೆಂಗಸು ಬೇಸರ ಮಾಡಿಕೊಂಡಿಲ್ಲ, ಕಣ್ಣುಗಳು ತುಂಬ ಚೆನ್ನಾಗಿವೆ, ತಂಡ ಉಳಿದರೆ ಮುಂದಿನ ವರ್ಷವೂ ಇದೇ ಕಾರ್ಖಾನೆಯಿಂದ ತರಿಸಿ ಅಂತ ಬರೆದಿದ್ದಾರೆ, ಉಳಿದರೆ ನೋಡೋಣ, ಅಂತ. ಅದನ್ನು ಭಾಯಿ ಮೂರು ಸಲ ಓದಿಸಿದರು. "ಅಂದ್ರೆ ಆ ಹುಡುಗ್ರು ಉಳಿದ್ರೆ ನಾವೂ ಉಳಿದಂಗೆ" ಅಂದರು.

ಊಟದ ಹೊತ್ತಿನಲ್ಲಿ ಡಬ್ಬ ಕಟ್ಟುವವಳು ನನ್ನ ಪಕ್ಕ ಬಂದು ಕೂತು ಮೆಲ್ಲಗೆ ಹೇಳಿದಳು. "ಅಕ್ಕ, ನಾನಾಗಿ ನಾನು ಏಳಾಕಿಲ್ಲ. ಆದ್ರೆ ಭಾಯಿ ನನ್ನ ಕೇಳುದ್ರೆ ಸುಳ್ಳೇಳಾಕಿಲ್ಲ." ಭಾಯಿ ಅವಳನ್ನು ಕೇಳಲೇ ಇಲ್ಲ. ನನ್ನನ್ನು ಕೇಳಿದ ಮೇಲೆ ಇನ್ನೊಬ್ಬರನ್ನು ಕೇಳುವ ಅಗತ್ಯ ಅವರಿಗೆ ಕಾಣಲಿಲ್ಲ.

ಹಾಗೆ ನಾವು ಫುಟ್‌ಬಾಲ್ ನೋಡಲು ಶುರು ಮಾಡಿದೆವು. ಪಂದ್ಯ ಮೊಬೈಲಿನಲ್ಲಿ ಬರುತ್ತದೆ ಅನ್ನುವುದನ್ನು ಹುಡುಕಿದವನು ಲೇತಿನವನು. ಅಲ್ಲಿ ಮಧ್ಯಾಹ್ನ ಆಡಿದರೆ ನಮಗೆ ಬೆಳಿಗ್ಗೆ ಹತ್ತೂವರೆ. ಅವರ ಬೇಸಿಗೆಯಲ್ಲಿ ಸೆಕೆಗೆ ಸಂಜೆ ಆಡುತ್ತಿದ್ದರು, ನಮಗೆ ಊಟ ಮುಗಿದ ಹೊತ್ತು. ಶುಕ್ರವಾರ ನಮಗೆ ರಜೆ, ಭಾನುವಾರ ಕೆಲಸ, ಹಾಗಾಗಿ ಹೆಚ್ಚಿನ ಪಂದ್ಯ ಸಿಗುತ್ತಿತ್ತು. ಕೆಲಸ ಅನ್ನುವುದೂ ಹೆಸರಿಗೆ. ಊರಿನ ರಸ್ತೆಬದಿ ಅಂಗಡಿಗಳಿಗೆ ಬುಗುರಿ, ಗಿಲಕಿ, ಸಣ್ಣ ಎತ್ತಿನಗಾಡಿ, ಅಷ್ಟೇ. ವಾರಕ್ಕೆ ಮೂರು ದಿನ ಲೇತು ನಿಂತೇ ಇರುತ್ತಿತ್ತು.

ಮೊದಲ ಪಂದ್ಯ ಸೋತರು. ಎರಡನೆಯದೂ. ಮೂರನೆಯದು ಸಮ ಆಯಿತು, ಭಾಯಿ ಚಹಾ ತರಿಸಿದರು. ಆಮೇಲೆ ಮತ್ತೆ ಸೋಲು.

"ಲೇ, ಬಾಲು ಕೊಡ್ಲಾ ಪಕ್ಕದೋನ್ಗೆ. ಒಬ್ನೇ ಎತ್ಕಂಡೋಯ್ತಾನೆ, ಅವ್ರಪ್ಪನ ಗದ್ದೆ ಅನ್ಕಂಡವ್ನೆ" ಅನ್ನುವನು ಲೇತಿನವನು. "ನಮ್ಮೂರ ಎಮ್ಮೆ ಕರ ಬುಟ್ಟಿದ್ರೂ ಇಷ್ಟೊತ್ಗೆ ಒಂದು ಗೋಲು ಆಗ್ಬುಡೋದು."

"ನೀನು ಹೋಗಿ ಆಡು ಹಾಗಾದ್ರೆ."

"ಪಾಸ್‌ಪೋರ್ಟ್ ಇಲ್ಲ ಭಾಯ್. ಇಲ್ದಿದ್ರೆ ಓಗ್ಬುಡ್ತಿದ್ದೆ."

ಭಾಯಿ ಶುಕ್ರವಾರದ ನಮಾಜಿನಲ್ಲಿ ಆ ತಂಡಕ್ಕೂ ಸೇರಿಸಿ ಕೇಳಿಕೊಂಡೆ ಅಂತ ಒಂದು ಸಲ ಹೇಳಿದರು. ಲೇತಿನವನು ಗಂಭೀರವಾಗಿ, "ಎದ್ರು ಟೀಮ್ನೋರೂ ಅವ್ರ ದೇವ್ರುನ್ನ ಕೇಳ್ಕಂಡಿರ್ತಾರೆ. ಯಾರ್ದು ಅಂತ ನಡ್ಸೋದು ಭಾಯ್, ಪಾಪ" ಅಂದ. ಭಾಯಿ ನಕ್ಕರು. ನಾನೂ ನಕ್ಕೆ. ಆ ವಾರ ನಾನು ರಾಮದೇವರ ಬೆಟ್ಟ ಹತ್ತಿದ್ದೆ, ಅದನ್ನು ಹೇಳಲಿಲ್ಲ. ಮೆಟ್ಟಿಲು ಹತ್ತಿ, ಕೈಮುಗಿದು ನಿಂತರೆ ಏನು ಕೇಳಿಕೊಳ್ಳುವುದು ತಿಳಿಯಲಿಲ್ಲ. ಆ ತಂಡ ಗೆಲ್ಲಲಿ ಅನ್ನಲೇ, ಅಥವಾ ಗೆದ್ದು ನನ್ನ ಸುಳ್ಳು ಮುಚ್ಚಿಹೋಗಲಿ ಅನ್ನಲೇ. ಎರಡೂ ಒಂದೇ ಆಗಿತ್ತು. ಸುಮ್ಮನೆ ಇಳಿದು ಬಂದೆ.

ಸೋತ ಮೇಲೆ ಆ ಆಟಗಾರರು ಒಂದು ಸಾಲಾಗಿ ತಮ್ಮ ಜನರಿರುವ ಕಡೆ ನಡೆದುಕೊಂಡು ಹೋಗಿ ನಿಂತು, ಸೊಂಟದವರೆಗೆ ಬಗ್ಗಿ ನಮಸ್ಕಾರ ಮಾಡುತ್ತಿದ್ದರು. ಪ್ರತಿ ಸೋಲಿಗೂ. ಆ ಜನ ಬೈಯುತ್ತಿರಲಿಲ್ಲ, ಹಾಡು ನಿಲ್ಲಿಸುತ್ತಿರಲಿಲ್ಲ. ಇಷ್ಟುದ್ದ ಮೈದಾನ, ಅರ್ಧ ಖಾಲಿ ಮೆಟ್ಟಿಲುಗಳು, ಒಂದು ಮೂಲೆಯಲ್ಲಿ ಇಟ್ಟಿಗೆ ಬಣ್ಣದ ಅಂಗಿ ಹಾಕಿದ ಒಂದು ಗುಂಪು. ಮುದುಕರೇ ಜಾಸ್ತಿ. ತಪ್ಪು ಮಾಡಿದವರು ಎಲ್ಲರೆದುರು ಬಗ್ಗುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಆ ಹೊತ್ತಿಗೆ ಎದ್ದು ಕುಂಚ ತೊಳೆಯಲು ಹೋಗುತ್ತಿದ್ದೆ.

ಜೂನಿನಲ್ಲಿ ಒಂದು ದಿನ ಕ್ಯಾಮೆರಾ ಆ ಗುಂಪಿನ ಮೇಲೆ ಹೋದಾಗ ಡಬ್ಬ ಕಟ್ಟುವವಳು "ಅಲ್ನೋಡಿ, ನಮ್ದು" ಅಂದಳು. ಒಬ್ಬ ಮುದುಕಿ ತೊಡೆಯ ಮೇಲೆ ನಮ್ಮ ಬೊಂಬೆ ಇಟ್ಟುಕೊಂಡು ಕೂತಿದ್ದಳು. ಬೊಂಬೆಯ ಬಲಗಣ್ಣಿನ ಮೇಲೆ ಗಾಯಕ್ಕೆ ಹಾಕುವ ಪಟ್ಟಿಯ ಹಾಗೆ ಏನೋ ಬಿಳಿಯದು ಅಂಟಿಸಿತ್ತು. ಎರಡು ಸೆಕೆಂಡು ಕಂಡಿತು, ಆಟಕ್ಕೆ ತಿರುಗಿತು. ಲೇತಿನವನು ಹಿಂದಕ್ಕೆ ಓಡಿಸಿ ನಿಲ್ಲಿಸಿದ. ನಾಲ್ವರೂ ಮುಖ ಹತ್ತಿರ ತಂದು ನೋಡಿದೆವು. ಎರಡೂ ಕಣ್ಣಿದ್ದರೆ ಕೇಳಿಕೊಳ್ಳಲು ಜಾಗವಿಲ್ಲ ಅಂತ ಒಂದನ್ನು ಮುಚ್ಚಿದ್ದಾಳೆ. ನಾನು ಇಟ್ಟ ಕಣ್ಣನ್ನು ಮುಚ್ಚಿ ಜಾಗ ಮಾಡಿಕೊಂಡಿದ್ದಾಳೆ.

"ನೋಡಮ್ಮ, ನಿನ್ನ ತಪ್ಪಿಲ್ದಿದ್ರೂ ಎಷ್ಟು ಕಷ್ಟ ಆಯ್ತು ಅವರಿಗೆ" ಅಂದರು ಭಾಯಿ, ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ. "ಆ ಮೇಡಂ ಒಂದು ಮಾತು ಹೇಳಿದ್ರೆ ಆಗ್ತಿತ್ತು."

ಆಗ ಹೇಳಬೇಕಿತ್ತು. ಆಗಲೂ ಹೇಳಲಿಲ್ಲ. ಹೇಳದಿರುವುದಕ್ಕೆ ನನ್ನಲ್ಲಿ ಒಂದು ಲೆಕ್ಕವಿತ್ತು. ತಂಡ ಉಳಿದರೆ ಆರ್ಡರ್ ಬರುತ್ತದೆ, ಈ ಸಲ ಕಣ್ಣು ಖಾಲಿ ಬಿಟ್ಟು ಕಳಿಸುತ್ತೇವೆ, ಮೇಡಂ ಮತ್ತೆ ಮೊದಲಿನ ಹಾಗೆ ಆಗುತ್ತಾರೆ, ಆಮೇಲೆ ಒಂದು ದಿನ ನಗುನಗುತ್ತ ಭಾಯಿಗೆ ಹೇಳಿಬಿಡುತ್ತೇನೆ ಅಂತ. ಹೀಗೆ ನನ್ನ ಬಾಯಿಂದ ಆಡಬೇಕಾದ ಮಾತನ್ನು ಎಲ್ಲೋ ಇರುವ ಆ ಹನ್ನೊಂದು ಹುಡುಗರ ಕಾಲಿಗೆ ಕಟ್ಟಿ ಕೂತಿದ್ದೆ.

ಮಳೆಗಾಲದಲ್ಲಿ ಅವರು ನಾಲ್ಕು ಪಂದ್ಯ ಗೆದ್ದರು. ಆ ದಿನಗಳಲ್ಲಿ ನನಗೆ ಊಟ ಸೇರುತ್ತಿತ್ತು. ದಸರಾ ಹೊತ್ತಿಗೆ ಮತ್ತೆ ಜಾರಿದರು. ನವೆಂಬರಿನ ಕೊನೆಯ ಭಾನುವಾರ ಕೊನೆಯ ಪಂದ್ಯ. ಗೆದ್ದರೆ ಉಳಿಯುತ್ತಾರೆ, ಇಲ್ಲದಿದ್ದರೆ ಇಲ್ಲ. ಅವತ್ತು ಭಾಯಿ ಮನೆಯಿಂದ ಟಿವಿಯನ್ನೇ ಆಟೋದಲ್ಲಿ ತಂದು ಪ್ಯಾಕಿಂಗ್ ಮೇಜಿನ ಮೇಲಿಟ್ಟರು. ಲೇತಿನವನು ಅದಕ್ಕೆ ಮೊಬೈಲು ಜೋಡಿಸಿದ. ದೊಡ್ಡದಾಗಿ ಕಂಡಾಗ ಆ ಹುಡುಗರು ಎಷ್ಟು ಚಿಕ್ಕವರು ಅನ್ನುವುದು ಮೊದಲ ಸಲ ತಿಳಿಯಿತು.

ಅರ್ಧಕ್ಕೆ ಮುಂಚೆ ಒಂದು ಗೋಲು ಹೊಡೆದರು. ಲೇತಿನವನು ಎದ್ದು ನಿಂತವನು ಮತ್ತೆ ಕೂರಲಿಲ್ಲ. ಡಬ್ಬ ಕಟ್ಟುವವಳು ನನ್ನ ಕೈ ಹಿಡಿದುಕೊಂಡಳು. ಒಂದು ವರ್ಷದಲ್ಲಿ ಅವಳು ನನ್ನ ಹತ್ತಿರ ಹಾಗೆ ಕೂತಿದ್ದು ಅದೇ ಮೊದಲು. ಎಂಬತ್ತು ನಿಮಿಷದವರೆಗೆ ಹಾಗೇ ಹೋಯಿತು. ಆಮೇಲೆ ಎದುರು ತಂಡದವರು ಸಮ ಮಾಡಿದರು. ಇನ್ನು ಮುಗಿಯಲು ಎರಡೋ ಮೂರೋ ನಿಮಿಷವಿರುವಾಗ ಗೋಲಿನ ಮುಂದೆ ಬಂದ ಚೆಂಡನ್ನು ಹೊರಗೆ ಹಾಕಲು ನಮ್ಮವನೇ ಒಬ್ಬ ತಲೆ ಕೊಟ್ಟ. ಅದು ಅವನ ಹಿಂದಿದ್ದ ಬಲೆಗೇ ಬಿತ್ತು.

ಅಲ್ಲಿಯವರೆಗೆ ನಿಂತೇ ಇದ್ದ ಲೇತಿನವನು ಕೂತ. ಆ ಹುಡುಗ ನೆಲಕ್ಕೆ ಮುಖ ಒತ್ತಿ ಮಲಗಿಬಿಟ್ಟಿದ್ದ. ಇಬ್ಬರು ಬಂದು ಎಬ್ಬಿಸಿದರು. ಸೀಟಿ ಊದಿದ ಮೇಲೆ ಎಲ್ಲರೂ ಸಾಲಾಗಿ ನಡೆದು ಹೋಗಿ ನಿಂತು ಬಗ್ಗಿದರು. ಅವತ್ತು ನಾನು ಎದ್ದು ಹೋಗಲಿಲ್ಲ. ಬಗ್ಗಿದವರು ಎಷ್ಟೋ ಹೊತ್ತು ತಲೆ ಎತ್ತಲಿಲ್ಲ. ಅವರ ಜನ ಹಾಡುತ್ತಲೇ ಇದ್ದರು, ದನಿ ಒಡೆದು ಹಾಡು ಹಾಡಿನ ಹಾಗಿರಲಿಲ್ಲ.

"ಊಟ ಮಾಡ್ಕೊಳ್ಳಿ, ತಣ್ಣಗಾಗ್ತದೆ" ಅಂದರು ಭಾಯಿ.

ಬುಧವಾರ ಮೇಡಂ ಫೋನ್ ಮಾಡಿದರು. ಕ್ಲಬ್ಬು ನಡೆಯುತ್ತದೋ ಇಲ್ಲವೋ ಗೊತ್ತಿಲ್ಲ, ಅಂಗಡಿಯನ್ನಂತೂ ಮುಚ್ಚುತ್ತಾರೆ, ಆ ಹೆಂಗಸೂ ಕೆಲಸ ಬಿಡುತ್ತಿದ್ದಾರೆ ಅಂದರಂತೆ. ಭಾಯಿ, ಬೇರೆ ಏನಾದರೂ ಕೆಲಸ ಇದ್ದರೆ ನೋಡಿ ಅಂತ ಕೇಳಿದರು. ಕೇಳುವಾಗ ನಾನು ಅಲ್ಲೇ ಇದ್ದೆ. ಆ ಕಡೆಯಿಂದ ಏನು ಬಂತೋ, "ಆಯ್ತು ಮೇಡಂ, ನಿಮ್ಮಿಷ್ಟ" ಅಂತ ಇಟ್ಟರು. ಸಂಕ್ರಾಂತಿ ಕಳೆದ ಮೇಲೆ ಶೆಡ್ಡು ಬಿಟ್ಟುಕೊಡುವುದು ಅಂತ ತೀರ್ಮಾನವಾಯಿತು. ಲೇತಿನವನು ಕನಕಪುರದ ಹತ್ತಿರ ಕಲ್ಲು ಪಾಲಿಶ್ ಮಾಡುವ ಕಡೆ ಸೇರಿಕೊಂಡ. "ಮರ ಆಗಿ ಕಲ್ಲಾಯ್ತು, ಮುಂದ್ಕೆ ಇನ್ನೇನೋ" ಅಂತ ಹೇಳಿ ಹೋದ. ಡಬ್ಬ ಕಟ್ಟುವವಳಿಗೆ ಗಾರ್ಮೆಂಟ್ಸಿನಲ್ಲಿ ಸಿಕ್ಕಿತು.

ಕೊನೆಯ ದಿನ ಸಾಮಾನು ಸಾಗಿಸಲು ನಾನು, ಭಾಯಿ ಇಬ್ಬರೇ. ಭಾಯಿ ಉಳಿಗಳನ್ನು ಒಂದೊಂದಾಗಿ ಎಣ್ಣೆಬಟ್ಟೆಯಲ್ಲಿ ಒರೆಸಿ ಗೋಣಿಯಲ್ಲಿ ಸುತ್ತುತ್ತಿದ್ದರು. ನಾನು ಮಣೆ ಎತ್ತಿ ಗೋಡೆಗೆ ನಿಲ್ಲಿಸಿದೆ. ಇನ್ನು ಕಾಯುವುದಕ್ಕೆ ಯಾವ ಪಂದ್ಯವೂ ಉಳಿದಿರಲಿಲ್ಲ.

"ಭಾಯ್, ಮೇಡಂ ಹೇಳಿದ್ರು. ಕಣ್ಣು ಬೇಡ ಅಂತ. ನಾನೇ ಇಟ್ಟೆ. ಆಮೇಲೆ ನಿಮ್ಮ ಹತ್ರ ಇಲ್ಲ ಅಂದೆ."

ಅವರ ಕೈ ನಿಲ್ಲಲಿಲ್ಲ. ಆ ಉಳಿ ಒರೆಸಿ ಮುಗಿಸಿ, ಸುತ್ತಿ ಇಟ್ಟು, ಇನ್ನೊಂದು ತೆಗೆದುಕೊಂಡರು. ಅದನ್ನು ಒರೆಸಲಿಲ್ಲ, ಹಿಡಿದುಕೊಂಡು ಕೂತರು.

"ಅವತ್ತೇ ಹೇಳಿದ್ರೆ ಮಾಫಿ ಕೇಳ್ತಿದ್ದೆ" ಅಂದರು. "ಬಿಟ್ಬಿಡ್ತಿದ್ರು ಆಯಮ್ಮ. ಒಳ್ಳೆ ಹೆಂಗಸು. ಒಂದು ವರ್ಷ ನಾನು ಅವರನ್ನ ಸುಳ್ಳುಗಾತಿ ಅಂದ್ಕೊಂಡಿದ್ದೆ. ಮಸೀದೀಲಿ ಕೂತು ಅಂದ್ಕೊಂಡಿದ್ದೆ."

ನಾನು ತಪ್ಪಾಯಿತು ಅಂದೆ. ಕೇಳಿಸಿತೋ ಇಲ್ಲವೋ. ಹೊರಗೆ ಟೆಂಪೊದವನು ಹಾರನ್ ಮಾಡಿದ. ಮೇಜು ಒಬ್ಬರಿಂದ ಆಗುವುದಿಲ್ಲ ಅಂತ ಒಂದು ಕಡೆ ನಾನು ಹಿಡಿಯಲು ಹೋದೆ.

"ಬೇಡ, ಡ್ರೈವರ್ ಹಿಡೀತಾನೆ. ನೀವು ಹೊರಡಿ" ಅಂದರು ಭಾಯಿ. ಆಮೇಲೆ, "ರೈಲಿಗೆ ಹೊತ್ತಾಗ್ತದೆ" ಅಂದರು. ಮಧ್ಯಾಹ್ನ ಎರಡು ಗಂಟೆ. ನನ್ನ ರೈಲು ಆರಕ್ಕೆ.

ಮನೆಗೆ ಬಂದು ಎರಡು ದಿನ ಯೋಚನೆ ಮಾಡಿ ಮೇಡಂಗೆ ನಾನೇ ಫೋನ್ ಮಾಡಿದೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಪೂರ್ತಿ ಕೇಳಿದರು. ನಡುವೆ ಒಂದು ಸಲ, ಹೌದು, ಹೇಳಿದ್ದೆ, ನನಗೆ ಚೆನ್ನಾಗಿ ನೆನಪಿತ್ತು ಅಂದರು. ಈಗ ಆ ಕೆಲಸವೆಲ್ಲ ಬೇರೆ ಕಾರ್ಖಾನೆಗೆ ಕೊಟ್ಟಾಗಿದೆ, ಅವರ ಕೈಯಿಂದ ಕಿತ್ತುಕೊಳ್ಳುವುದಕ್ಕೆ ಆಗುವುದಿಲ್ಲ ಅಂದರು. ಕೊನೆಗೆ, "ಭಾಯಿಗೆ ಹೇಳಿ, ನನ್ನ ಮನಸ್ಸಲ್ಲಿ ಏನೂ ಇಲ್ಲ ಅಂತ" ಅಂದರು.

ಅದನ್ನು ಹೇಳಲು ಆಗಲೇ ಭಾಯಿಗೆ ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿದರು. ನನ್ನ ದನಿ ಗುರುತು ಹಿಡಿದು, ಚೆನ್ನಾಗಿದ್ದೀಯೇನಮ್ಮ ಅಂತ ಕೇಳಿದರು. ಭಾ‌ಯಿಗೆ ಕೊಡಿ ಅಂದೆ. ಫೋನಿನ ಮೇಲೆ ಕೈ ಮುಚ್ಚಿದ ಸದ್ದು, ಒಳಗೆ ಏನೋ ಎರಡು ಮಾತು. ಮತ್ತೆ ಅವರೇ ಬಂದರು.

"ಮಲಗವ್ರೆ ಕಣಮ್ಮ" ಅಂದರು.

ಬೆಳಿಗ್ಗೆ ಹನ್ನೊಂದು ಗಂಟೆ. ಭಾಯಿ ಹಗಲು ಮಲಗಿದ್ದನ್ನು ಇಪ್ಪತ್ತೆರಡು ವರ್ಷದಲ್ಲಿ ನಾನು ಕಂಡಿಲ್ಲ. ಆಯ್ತು, ಎದ್ದ ಮೇಲೆ ಹೇಳಿ ಅಂದೆ.